ಕೇಳಿದ್ದು

ಕುಲ್ಲೊರ್ಸುವಾಕ್, ಗ್ರೀನ್‌ಲ್ಯಾಂಡಿನ ಮೇಲ್ತುದಿ.
ದವಾಖಾನೆಯಲ್ಲಿ ನಡುಮಧ್ಯಾಹ್ನವೂ ದೀಪ.
ಅವಿಯಾಕ್ ಕೈಗವಸು ಕಳಚಿ
ಬ್ರೌಸರಿನ ಖಾನೆ ತುಂಬುತ್ತಾಳೆ:
ಹೆಸರು, ಯೋರ್ಸಿ. ವಯಸ್ಸು, ಎಪ್ಪತ್ತೊಂಬತ್ತು.
ಬೇಕಾದ್ದು, ಕಿವಿಗೆ ಹಾಕುವ ಯಂತ್ರ. ಸಂಖ್ಯೆ, ಒಂದು.
ಒತ್ತಿದಳು.

ಸರ್ವರ್ ಇರುವುದು ಡೆನ್ಮಾರ್ಕಿನಲ್ಲೆಲ್ಲೋ,
ಇವಳು ಅದನ್ನು ಕಂಡವಳಲ್ಲ.
ಹಿಮ ಮೆತ್ತಿದ ಡಿಶ್ಶಿನಿಂದ ಉಪಗ್ರಹಕ್ಕೆ, ಅಲ್ಲಿಂದ ಕೆಳಕ್ಕೆ...
ಪರದೆಯಲ್ಲಿ ಚಕ್ರ ಸುತ್ತಿತು, ಸುತ್ತಿತು,
ಉತ್ತರ ಬಂದಿಲ್ಲ, ಮತ್ತೆ ಪ್ರಯತ್ನಿಸಿ.
ಮತ್ತೆ ಒತ್ತಿದಳು.
ಕಾಫಿ ಕುಡಿದು ಬಂದು, ಇನ್ನೊಮ್ಮೆ.

ಗೊತ್ತಾದದ್ದು ಹದಿನೆಂಟು ದಿನ ತಡೆದು,
ಹೆಲಿಕಾಪ್ಟರಿನಿಂದ ಮೂರು ಪೊಟ್ಟಣ ಇಳಿದಾಗ.
ಮೊದಲ ಸಲವೇ ಅದಕ್ಕೆ ಕೇಳಿತ್ತು.
ಕೇಳಿತು ಅಂದದ್ದು ಮಾತ್ರ
ಮರಳುವ ದಾರಿಯಲ್ಲಿ ಎಲ್ಲೋ ಉದುರಿತ್ತು.

ನನ್ನ ನುಡಿಯಲ್ಲಿ ಬೇಡುವುದಕ್ಕೂ ಆಲಿಸುವುದಕ್ಕೂ
ಒಂದೇ ಪದ.
ಅದರೊಳಗೆ ಇಷ್ಟು ದೂರ ಇದ್ದೀತೆಂದು
ನನಗೂ ಹೊಳೆದಿರಲಿಲ್ಲ.

ಯೋರ್ಸಿ ಎರಡೂ ಕಿವಿಗೆ ಏರಿಸಿಕೊಂಡು ಬೆಚ್ಚಿದ:
ನಮ್ಮ ನಾಯಿಗಳು ಇಷ್ಟೊಂದು ಬೊಗಳುತ್ತವೆಯೇ!
ಮೂರನೆಯದನ್ನು ಹಿಂದಿರುಗಿಸಲು
ಇನ್ನೊಂದು ಅರ್ಜಿ ತುಂಬಬೇಕು, ಒತ್ತಬೇಕು.
ಅವಿಯಾಕ್ ತುಂಬಿಲ್ಲ.
ಅದು ಮೇಜಿನ ಮೇಲೇ ಇದೆ,
ಕಂಪ್ಯೂಟರಿನ ಪಕ್ಕಕ್ಕೆ ಒರಗಿ.