ಬೆನ್ನಿಗೆ ನಾಲ್ಕು ತಿರುಪು

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು
ಡಾಕ್ಟರು ತೋರಿಸಿದರು:
ಇಗೋ ನಾಲ್ಕು ಸ್ಕ್ರೂ, ಇಗೋ ಎರಡು ಸರಳು.
ನಾನು ಕೇಳಿದ್ದು ಒಂದೇ,
ಇಂಚಿಗೆ ಎಷ್ಟು ಥ್ರೆಡ್ಡು, ಸಾರ್?
ಅವರು ನಕ್ಕರು. ನಾನು ನಗಲಿಲ್ಲ.
ಹತ್ತೊಂಬತ್ತು ವರ್ಷ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರು,
ಮಿಲ್ಲು ಮುಚ್ಚಿದ ಮೇಲೆ ಮೂವತ್ತು ವರ್ಷ
ಹಳೇಪೇಟೆಯ ಸಂದಿಯಲ್ಲಿ ಸ್ವಂತ ಲೇತು.
ವಾಷರ್ ಹಾಕದೆ ನಟ್ಟು ಬಿಗಿದವನನ್ನು
ಊಟಕ್ಕೆ ಬಿಟ್ಟವನಲ್ಲ ನಾನು.
ಈಗ ನನ್ನೊಳಗೇ ಬಿಗಿದಿದ್ದಾರೆ,
ನನಗೆ ಒಂದು ಮಾತೂ ಕೇಳದೆ.
ಸಡಿಲಾದರೆ ಎಲ್ಲಿಂದ ಪಾನಾ ಹಾಕುತ್ತೀರಿ?

"ಹುರಿಗೆ ಏನೂ ಆಗಿಲ್ಲ" ಅಂದರು ಹೊರಡುವಾಗ.
ಬೆನ್ನುಹುರಿ ಅಂತ ಅವರ ಅರ್ಥ.
ನನಗೆ ಕೇಳಿಸಿದ್ದು ಕದಿರ ಮೇಲೆ ಸುತ್ತುವ ಹುರಿ:
ರಾತ್ರಿ ಪಾಳಿ, ಮೀಸೆಯ ಮೇಲೆ ಹತ್ತಿಯ ಧೂಳು,
ಎಲ್ಲೋ ಒಂದು ಎಳೆ ಕಡಿದರೆ
ನೂರಾರು ಕದಿರಿನ ಗದ್ದಲದಲ್ಲೂ
ಅದರ ಮೌನವೇ ಮೊದಲು ಕೇಳುತ್ತಿತ್ತು ನಮಗೆ.
ಈ ಹುರಿ ಎರಡು ವರ್ಷ ಕೂಗಿತ್ತು,
ಸೊಂಟದಿಂದ ಎಡಗಾಲ ಹೆಬ್ಬೆರಳ ತನಕ.
ಕೇಳಿಸಲಿಲ್ಲ ಅಂತಲ್ಲ.
ಇದೊಂದು ಜಾಬು ಮುಗಿಯಲಿ ಅಂತ
ಸುಮ್ಮನಿದ್ದೆ.

ಈಗ ಹೊಸ ಕಾಯಿದೆ.
ಬಗ್ಗಬೇಡಿ. ತಿರುಚಬೇಡಿ.
ಎರಡು ಕೇಜಿಗಿಂತ ಹೆಚ್ಚು ಎತ್ತಬೇಡಿ.
ಹಾಸಿಗೆಯಿಂದ ಏಳುವುದು ಹೇಗೆ ಅಂತ
ಎಪ್ಪತ್ತರಲ್ಲಿ ಕಲಿಸಿದಳು
ಹೊನ್ನಾಳಿ ಕಡೆಯ ಫಿಸಿಯೋ ಹುಡುಗಿ:
"ಮರದ ದಿಮ್ಮಿ ಉರುಳಿದಂಗೆ ಉರುಳ್ರಿ ಅಜ್ಜಾರೆ,
ಭುಜ, ಸೊಂಟ, ಮೊಣಕಾಲು, ಎಲ್ಲಾ ಒಟ್ಟಿಗೆ."
ದಿಮ್ಮಿ ಉರುಳಿತು.
ಮಂಚದ ಅಂಚಿಗೆ ಕೂತು ಬೆವರಿತು.
ಹಾಲಮ್ಮ ಸೆರಗಲ್ಲಿ ನನ್ನ ಹಣೆ ಒರೆಸಿ
"ನಲವತ್ತು ವರ್ಷದಿಂದ ದಿಮ್ಮೀನೇ,
ಉರುಳಿದ್ದು ಮಾತ್ರ ಇವತ್ತು" ಅಂದಳು.
ನಗಬಾರದು ಅಂತ ಯಾರೂ ಹೇಳಿರಲಿಲ್ಲ.
ನಕ್ಕೆ. ಹದಿನೆಂಟು ಹೊಲಿಗೆಯೂ
ತಮ್ಮನ್ನು ತಾವೇ ಎಣಿಸಿಕೊಂಡವು.

ಎಂಟನೇ ದಿನ ಬಾಗಿಲು.
ಇಪ್ಪತ್ತನೇ ದಿನ ಬೀದಿಯ ಮೂರನೇ ಕಂಬ.
ಏಪ್ರಿಲ್ ಬಿಸಿಲು, ಬೆಲ್ಟಿನೊಳಗೆ ಉಪ್ಪು,
ಭಟ್ಟಿ ಕಡೆಯಿಂದ ಮಂಡಕ್ಕಿ ಹುರಿವ ಬಿಸಿ ಮರಳಿನ ವಾಸನೆ.
ವಾಕರಿನ ಬಲಗಾಲು ಒಂದು ನೂಲು ಗಿಡ್ಡ.
ಯಾರಿಗೂ ಗೊತ್ತಾಗುವುದಿಲ್ಲ,
ನನ್ನ ಅಂಗೈಗೆ ಗೊತ್ತು.
ಕಂಬ ಹಿಡಿದು ನಿಂತರೆ
ಮಂಡಕ್ಕಿ ಚೀಲ ಹೊತ್ತ ಸೈಕಲ್ಲೊಂದು ಹಾದುಹೋಯಿತು,
ಮನೆಯಷ್ಟು ದೊಡ್ಡ ಚೀಲ, ತೂಕವೇ ಇಲ್ಲ.
ಹೊಟ್ಟೆಕಿಚ್ಚಾಯಿತು.

ನೆಲಕ್ಕೆ ಬಿದ್ದದ್ದು ಇನ್ನು ನನ್ನದಲ್ಲ:
ಚಮಚ, ಕನ್ನಡಕದ ಡಬ್ಬಿ, ಒಂದು ರೂಪಾಯಿ,
ನನ್ನವೇ ಎರಡು ಪಾದ.
ಉಗುರು ಕತ್ತರಿಸಿ ಎರಡು ತಿಂಗಳಾಯಿತು.
ಹಾಲಮ್ಮನ ಕಣ್ಣಿಗೆ ಪೊರೆ;
ಅವಳ ಕೈಯಲ್ಲಿ ಬ್ಲೇಡು ಕಂಡರೆ ನನ್ನ ಬೆರಳು ಮುದುಡುತ್ತವೆ.

ನಿನ್ನೆ ಬುಡೇನ ಬಂದಿದ್ದ.
ಲೇತು ಈಗ ಅವನದು,
ಬೋರ್ಡಿನಲ್ಲಿ ಮಾತ್ರ ನನ್ನ ಹೆಸರು.
ಸೇರಿದ ಹೊಸದರಲ್ಲಿ ಮೈಕ್ರೋಮೀಟರ್ ಬೀಳಿಸಿದ್ದ.
"ಬಗ್ಗಿ ಎತ್ತಲೇ, ಬೆನ್ನು ಮುರಿದೈತೇನು?" ಅಂದಿದ್ದೆ,
ಇಡೀ ಸಂದಿಗೆ ಕೇಳುವಂತೆ.
ನೆನಪಿದೆಯೋ ಇಲ್ಲವೋ.
ಕುರ್ಚಿಯ ಮುಂದೆ ನೆಲಕ್ಕೆ ಕೂತು
ನನ್ನ ಹಿಮ್ಮಡಿ ತನ್ನ ತೊಡೆ ಮೇಲಿಟ್ಟುಕೊಂಡು
ಚಕ್ಕಿಗೆ ಕಟ್ಟುವ ಮೊದಲು ಜಾಬು ನೋಡುವ ಹಾಗೆ
ಆ ಕಡೆ ಈ ಕಡೆ ತಿರುಗಿಸಿ ನೋಡಿದ.
ಆಮೇಲೆ ಒಂದೊಂದೇ ಉಗುರು.
ಅಂಚಿಗೆ ಅರ ಆಡಿಸಿ, ಊದಿ,
ಹೆಬ್ಬೆರಳಿಂದ ಸವರಿ ಚುಂಗು ಉಳಿದಿದೆಯಾ ಅಂತ ನೋಡಿ,
ನಾನೇ ಕಲಿಸಿದ್ದು.

ಆ ಹಳೇ ಮಾತು ಎತ್ತೋಣ ಅಂತ ಬಾಯಿ ತೆರೆದೆ.
ಎರಡು ಕೇಜಿಗಿಂತ ಹೆಚ್ಚೇ ಇತ್ತು.
"ಮಿಸುಕಬ್ಯಾಡ್ರಿ ಮೇಸ್ತ್ರಿ" ಅಂದ,
ತಲೆ ಎತ್ತದೆ.
"ಇನ್ನೂ ಕಿರುಬೆರಳು ಬಾಕಿ ಐತಿ."