ಒಂದು ಬಾಗಿಲಿಗೆ ಒಂದು ಮಾತು

ಬ್ರಾತಿಸ್ಲಾವಾದ ನದಿ ಕಚೇರಿ, ಮೂರನೆಯ ಮಹಡಿ.
ರಾತ್ರಿಪಾಳಿಗೆ ನಾನು, ಒಂದು ಕೆಟಲ್ಲು, ಮತ್ತು
ಹನ್ನೊಂದು ಅಳತೆಗಂಬಗಳ ಮಾತು.
ಕಿಟಕಿಯಾಚೆ ದುನಾಯ್
(ಡ್ಯಾನ್ಯೂಬನ್ನು ನಾವು ಕರೆಯುವುದೇ ಹಾಗೆ)
ಕತ್ತಲೆ ಹೊತ್ತುಕೊಂಡು ಹಂಗೇರಿಯ ಕಡೆಗೆ.

ಕಂಬಗಳಿಗೂ ಸ್ವಭಾವ ಉಂಟು.
ಸೇತುವೆ ಕೆಳಗಿನ ಏಳನೆಯದು ಬಾಯಿಬಡುಕ.
ತಂತಿಗೆ ತೇವ ಹೊಕ್ಕ ಮೇಲಂತೂ
ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಸಲ
ನಾನೂರ ಎರಡು, ನಾನೂರ ಎರಡು,
ಯಾರೋ ಅಲ್ಲಗಳೆದರೇನೋ ಎಂಬಂತೆ
ನಾನೂರ ಎರಡು.
ಹಳೆ ಗಿರಣಿಯ ತೊರೆಯಲ್ಲಿರುವ ಮೂರನೆಯದು
ಗಂಟೆಗೊಮ್ಮೆ ಒಂದು ಅಂಕಿ ನುಡಿದು ಸುಮ್ಮನಾಗುತ್ತದೆ,
ಅದರ ಪಕ್ಕದ ಮನೆಯ ವೆಂದೆಲಿನ್‌ನ ಹಾಗೆ.

ಮೊದಲು ಬಂದವರಿಗೆ ಮೊದಲು.
ಇದೇ ನ್ಯಾಯ ಅಂದುಕೊಂಡಿದ್ದೆವು, ಆ ಮಾರ್ಚ್ ತಿಂಗಳವರೆಗೆ.
ಎರಡಕ್ಕೆ ಹತ್ತು ನಿಮಿಷ ಇರುವಾಗ
ಮೂರನೆಯದು ಅಂದಿತ್ತು: ಆರುನೂರ ಹದಿನೆಂಟು.
ಅದರ ಮುಂದೆ ಸಾಲುಗಟ್ಟಿ ನಿಂತಿದ್ದವು
ಏಳನೆಯದರ ಒಂದೂವರೆ ಲಕ್ಷ ನಾನೂರ ಎರಡುಗಳು.
ನನ್ನ ಪರದೆಗೆ ಅದು ಬಂದಾಗ ಐದೂಇಪ್ಪತ್ತು.
ಗಿರಣಿಯ ನೆಲಮಾಳಿಗೆಯಲ್ಲಿ ಆಗಲೇ
ಅಪೊಲೋನಿಯಾಳ ಪ್ಲಮ್ ಜಾಡಿಗಳು ತೇಲುತ್ತಿದ್ದವು,
ಎರಡು ಮೇಕೆಗಳೂ. ಮೇಕೆಗಳಿಗೆ ಈಜು ಬರುತ್ತಿರಲಿಲ್ಲ.
ವೆಂದೆಲಿನ್ ಫೋನು ಮಾಡಿದ. ಕೂಗಲಿಲ್ಲ.
"ಕಂಬ ಹೇಳಲಿಲ್ಲವಾ?"
ಹೇಳಿತ್ತು, ಅಂದೆ.
ಸಾಲಿನಲ್ಲಿ ನಿಂತಿತ್ತು.

ಬೇಸಿಗೆಯಲ್ಲಿ ಜೆಲ್ಮೀರಾ ಬಂದಳು,
ಚೀಲದಲ್ಲಿ ರೈ ರೊಟ್ಟಿ, ಲ್ಯಾಪ್‌ಟಾಪಿನಲ್ಲಿ ಹೊಸ ಲೈಬ್ರರಿ.
ಒಂದೇ ಸಾಲನ್ನು ಮುರಿದು ಹನ್ನೊಂದು ಬಾಗಿಲಿಟ್ಟಳು,
ಬಾಗಿಲಿಗೊಂದು ಬುಟ್ಟಿ.
ಒಂದು ಕೈ ಸುತ್ತು ಹಾಕುತ್ತದೆ:
ಇಲ್ಲಿಂದ ಒಂದು ಮಾತು, ಅಲ್ಲಿಂದ ಒಂದು ಮಾತು.
ಎಷ್ಟೇ ಕೂಗು, ನಿನ್ನಿಂದಲೂ ಒಂದೇ.
ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಗಾದೆ
ಈ ಹೊಸಿಲಿನ ಆಚೆಗೆ.
ಪಂಕ್ತಿಭೇದ ತಿಳಿಯದ ಕೈ ಅದು.
ಕೂಗುವವನ ಬುಟ್ಟಿ ತುಂಬಿ ತುಳುಕಿದರೆ
ಅವನ ಗಂಟಲೇ ಕಟ್ಟುತ್ತದೆ, ಪಕ್ಕದವನದಲ್ಲ.

ನನಗೋ ಅನುಮಾನ ಒಂದೆರಡಲ್ಲ.
"ಮೂರನೆಯದು ಸುಮ್ಮನಿದ್ದಾಗ ಕೈ ಕಾಯುತ್ತದಾ?"
"ಕಾದರೆ ಉಳಿದವರ ಗತಿ?
ಖಾಲಿ ಬುಟ್ಟಿಯನ್ನು ದಾಟಿಕೊಂಡು ಹೋಗುತ್ತದೆ.
ಕದ ತಟ್ಟುವುದಿಲ್ಲ, ಹೆಸರು ಹೊಡೆಯುವುದೂ ಇಲ್ಲ.
ಒಂದು ಅಂಕಿ ಇಟ್ಟ ಗಳಿಗೆಯಿಂದ
ಮತ್ತೆ ಅವನೂ ಸುತ್ತಿನೊಳಗೆ."
"ಒಬ್ಬನೇ ಹತ್ತು ತಂತಿ ಎಳೆದು
ಹತ್ತು ಬಾಗಿಲಲ್ಲಿ ನಿಂತರೆ?"
ರೊಟ್ಟಿ ಕಚ್ಚಿ ನಕ್ಕಳು.
"ಹತ್ತು ಪಾಲೂ ಅವನಿಗೇ.
ಕೈಗೆ ಬಾಗಿಲು ಕಾಣುತ್ತದೆ, ಮುಖ ಕಾಣದು.
ಮುಖ ನೋಡುವುದಕ್ಕೇ ಅಲ್ಲವಾ
ನಿನಗೆ ಸಂಬಳ?"

ಹೌದು. ಕೈಗೆ ಗೊತ್ತಿಲ್ಲ
ಯಾವುದು ನೀರಿನ ಏರು,
ಯಾವುದು ತಂತಿಯೊಳಗಿನ ತೇವ.
ಎರಡನ್ನೂ ಒಂದೇ ತೂಕದಲ್ಲಿ ಎತ್ತಿ ತಂದು
ನನ್ನ ಮುಂದಿಟ್ಟು ಹೊರಟುಹೋಗುತ್ತದೆ.

ಈ ರಾತ್ರಿ ಮತ್ತೆ ಮೇಲೆ ಹಿಮ ಕರಗುತ್ತಿದೆ.
ಏಳನೆಯದನ್ನು ಇನ್ನೂ ಯಾರೂ ರಿಪೇರಿ ಮಾಡಿಲ್ಲ;
ಅರ್ಜಿ ಮೇಲಧಿಕಾರಿಯ ಮೇಜಿನಲ್ಲಿ,
ಅಲ್ಲಿ ಹಳೆಯ ಕಾನೂನೇ.
ನಾನೂರ ಎರಡು. ನಾನೂರ ಎರಡು.
ಐನೂರ ತೊಂಬತ್ತೊಂದು.
ನಾನೂರ ಎರಡು.

ಚಹಾ ಚೆಲ್ಲಿತು. ಫೋನೆತ್ತಿದೆ.
"ವೆಂದೆಲಿನ್, ಮೇಕೆಗಳನ್ನು ಮಹಡಿಗೆ ಹತ್ತಿಸಿ."
"ಈಗ ಹೇಳಿತಾ?"
"ಈಗಲೇ. ಈ ಕ್ಷಣ."
ಅವನು ಏನೂ ಅನ್ನಲಿಲ್ಲ.
ಫೋನನ್ನು ಎಲ್ಲೋ ಇಟ್ಟ ಸದ್ದು,
ಬಾಗಿಲ ಸದ್ದು, ಅಪೊಲೋನಿಯಾಳ ಗದರಿಕೆ.
ಕೈಯಾಗಿದ್ದರೆ ಮುಂದಿನ ಬಾಗಿಲಿಗೆ ಹೋಗುತ್ತಿತ್ತು.
ನಾನು ಕಾದೆ,
ಮರದ ಮೆಟ್ಟಿಲ ಮೇಲೆ ಗೊರಸುಗಳು
ಒಂದೊಂದಾಗಿ ಕೇಳುವವರೆಗೆ.