ಒಬ್ಬಳೇ, ಡಬ್ಬಿ ಮೂರು

ಶನಿವಾರ ಹನ್ನೊಂದಕ್ಕೆ ಬಾಗಿಲು ತೆರೆಯುತ್ತದೆ,
ಹನ್ನೊಂದೂಕಾಲಿಗೆ ಮುಚ್ಚುತ್ತದೆ.
ಅಷ್ಟರೊಳಗೆ ನೋಡಿ ಮುಗಿಸಬೇಕು: ನಲ್ಲಿಯ ರಭಸ,
ಬಚ್ಚಲ ಮೂಲೆಯ ಪಾಚಿ, ಕಪಾಟಿನೊಳಗಿನ ಮುಗ್ಗಲು.
ಜೊತೆಗೆ ಇನ್ನಿಪ್ಪತ್ತು ಜನ,
ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ಕು ತೊಟ್ಟವರು,
ಒಬ್ಬರ ಮುಖ ಒಬ್ಬರು ನೋಡದವರು.

ಮೈಸೂರಲ್ಲಿ ನನ್ನನ್ನು ಮೂರು ಸಲ ನೋಡಿಹೋಗಿದ್ದರು.
ಅವರಿಗೂ ಕಾಲು ಗಂಟೆಯೇ ಸಾಕಾಗಿತ್ತು.
ಈಗ ನೋಡುವ ಸರದಿ ನನ್ನದು ಎಂದು ಬೀಗಿಕೊಂಡೇ ಹೊರಟೆ.
ಮೆಲ್ಬರ್ನಿನಲ್ಲಿ ಮನೆಗಳೇ ಗಂಡಿನ ಕಡೆಯವು:
ಸಂಬಳದ ಚೀಟಿ ಕೇಳುತ್ತವೆ,
ಹಿಂದಿನ ಮಾಲೀಕನ ಪತ್ರ ಕೇಳುತ್ತವೆ,
'ಒಬ್ಬರೇನಾ?' ಎಂದು ಹುಬ್ಬೇರಿಸಿ
'ತಿಳಿಸುತ್ತೇವೆ' ಅನ್ನುತ್ತವೆ.

ಸಲಹೆಗೇನು ಬರವೇ?
ಟಾರ್ನೀಟಿಗೆ ಬಾ, ಎಂದರು ವಾರಿಜಾ ಆಂಟಿ,
ನಮ್ಮವರೆಲ್ಲ ಇಲ್ಲೇ, ಬೇಲಿಯಾಚೆ ಕೈಚಾಚಿದರೆ ಕರಿಬೇವು.
ಹೋದೆ. ನಾಲ್ಕು ಕೋಣೆಯ ಮನೆ, ಎರಡು ಕಾರಿನ ಗ್ಯಾರೇಜು,
ಬೀದಿಯುದ್ದಕ್ಕೂ ಮಗುಚಿಬಿದ್ದ ಮಕ್ಕಳ ಸೈಕಲ್ಲು.
ಊಟಕ್ಕೆ ಕೂತರೆ ಹೋಳಿಗೆಯ ಪಕ್ಕದಲ್ಲೇ
ಫೋನಿನಲ್ಲಿ ಒಬ್ಬ ವಿಧುರನನ್ನೂ ಬಡಿಸಿದರು.

ಬ್ರನ್ಸ್‌ವಿಕ್ಕೇ ಸರಿ, ಎಂದಳು ಕ್ಲಿನಿಕ್ಕಿನ ಫಿಲಿಪ್ಪಾ.
ಅಲ್ಲಿ ಎಲ್ಲರೂ ಒಂಟಿ,
ಒಂಟಿಯಾಗಿರಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.
ಕಿಟಕಿಯ ಕೆಳಗೆ ಟ್ರಾಮು, ನೆಲದ ಕೆಳಗೆ ಡ್ರಮ್ಮು.
ನನಗೆ ಮೂವತ್ತೊಂಬತ್ತು. ಹತ್ತಕ್ಕೆಲ್ಲ ತೂಕಡಿಕೆ.

ಊರ ನಡುವಿನ ಗೋಪುರದಲ್ಲಿ ಮೂವತ್ತೊಂದನೇ ಮಹಡಿ.
ಈಜುಕೊಳವಿದೆ, ಲಿಫ್ಟಿನ ಮೂರೂ ಗೋಡೆಗೆ ಕನ್ನಡಿಯಿದೆ.
ಗಾಜಿನ ಹಿಂದೆ ನಿಂತೆ. ಕೆಳಗೆ ಇಡೀ ಊರು
ಬಾಯಿ ಆಡಿಸುತ್ತಿತ್ತು, ಸದ್ದೇ ಇರಲಿಲ್ಲ.
ನನ್ನ ಬಳಿ ಬರುವವರು ದಿನವೂ ಹೇಳುವುದು ಇದನ್ನೇ.

ನನ್ನ ಕಸುಬು ಕಿವಿಯದು.
ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿ
ದನಿಯನ್ನು ಸಣ್ಣ, ಇನ್ನೂ ಸಣ್ಣ ಮಾಡುತ್ತಾ ಹೋಗುತ್ತೇನೆ,
ಕೇಳಿಸಿದರೆ ಗುಂಡಿ ಒತ್ತುತ್ತಾರೆ.
ಇನ್ನೇನು ಇಲ್ಲವಾಯಿತು ಅನ್ನುವಲ್ಲಿ ಕೇಳಿಸುವ ಕೊನೆಯದಕ್ಕೆ
ಹೊಸ್ತಿಲು ಎಂದು ಹೆಸರು.

ಅಸ್ಸುಂತಾ, ಎಂಬತ್ನಾಲ್ಕು, ಎಡಗಿವಿ ಪೂರ್ತಿ ಹೋಗಿದೆ.
ಯಂತ್ರ ತೊಡಿಸುವಾಗ ನನ್ನ ಮನೆಹುಡುಕಾಟದ ಕತೆ ಕೇಳಿ ನಕ್ಕಳು.
ನಮ್ಮ ರೆಜವೋರ್‌ಗೆ ಬಾ, ಎಂದಳು.
(ಫಲಕದಲ್ಲಿ ರಿಸರ್ವಾಯರ್. ಹಾಗೇ ಓದುವವರು ಹೊಸಬರು.)
ಶನಿವಾರ ಬಂದು ಗೋಡೆ ನೋಡಬೇಡ.
ಕಸದ ಗಾಡಿ ಬಂದುಹೋದ ದಿನ ಸಂಜೆ ಬಾ.
ಯಾರ ಡಬ್ಬಿ ಬೀದಿಯಲ್ಲೇ ಉಳಿದಿದೆ,
ಯಾರ ಡಬ್ಬಿಯನ್ನು ಯಾರು ಒಳಗೆ ಎಳೆಯುತ್ತಾರೆ, ಅದನ್ನು ನೋಡು.
ನನ್ನ ಗಂಡ ಸತ್ತ ಮೇಲೆ ಒಂದು ಗುರುವಾರ
ನನ್ನದು ಕತ್ತಲಾದರೂ ಹೊರಗೇ ಇತ್ತು.
ಎದುರುಮನೆಯ ವಿಯೆಟ್ನಾಮಿ ಹುಡುಗ ಕಿಟಕಿ ಹತ್ತಿ ಬಂದ.
ಜಾರಿಬಿದ್ದ ನಾನು ಕರೆಯುತ್ತಿದ್ದೆನಂತೆ.
ನನ್ನ ದನಿ ನನಗೇ ಕೇಳಿರಲಿಲ್ಲ.

ಗುರುವಾರ ಹೋದೆ. ಗುರುವಾರ ಗುರುವಾರ ಹೋದೆ,
ಕೋಟಿನ ಕಾಲರು ಮೇಲೆತ್ತಿದ ಪತ್ತೇದಾರಿಣಿಯಂತೆ.
ಒಂದು ಬೀದಿಯಲ್ಲಿ ನಾಯಿ ಬೊಗಳಿತು, ಇನ್ನೊಂದರಲ್ಲಿ
ಎಲ್ಲ ಡಬ್ಬಿಯೂ ಬಾಯಿ ತೆರೆದು ಮಲಗಿದ್ದವು.

ಐದನೆಯ ಅರ್ಜಿಗೆ ಒಂದು ಮನೆ ನನ್ನನ್ನು ಒಪ್ಪಿತು.
ಕಂದು ಹೆಂಚಿನ ಅಡುಗೆಮನೆ, ಮುಚ್ಚಿಕೊಳ್ಳದ ಓವನ್ನು,
ರೈಲಿಗೆ ಹದಿನಾಲ್ಕು ನಿಮಿಷ ನಡಿಗೆ, ಏರು ಬೇರೆ.
'ಒಬ್ಬರೇನಾ?' ಎಂದ ಕೀಲಿ ಕೊಡುವವನು.
ಒಬ್ಬಳೇ, ಎಂದೆ, ಡಬ್ಬಿ ಮಾತ್ರ ಮೂರು.

ವಾರಿಜಾ ಆಂಟಿ ಈಗಲೂ ಮುನಿಸಿಕೊಂಡಿದ್ದಾರೆ.
ನಿನ್ನೆ ಜ್ವರ, ಬೇಗ ಮಲಗಿದ್ದೆ.
ಎಷ್ಟೋ ಹೊತ್ತಿಗೆ, ನಿದ್ದೆಯ ಈಚೆಯೋ ಆಚೆಯೋ,
ಸಿಮೆಂಟಿನ ಮೇಲೆ ಸಣ್ಣ ಗಾಲಿ ಉರುಳುವ ಸದ್ದು,
ಗೇಟಿನ ಹತ್ತಿರ ಒಂದು ಕ್ಷಣ ನಿಂತು
ಮತ್ತೆ ಒಳಕ್ಕೆ.

ಹೊದಿಕೆಯೊಳಗೆ ನನ್ನ ಹೆಬ್ಬೆರಳು
ಇಲ್ಲದ ಗುಂಡಿಯನ್ನು ಒತ್ತಿತು.